ಜಾಲತಾಣಗಳು ಬಂದ ಮೇಲೆ ಗಡಿನಾಡಿನಲ್ಲಿ ರಾಜಕೀಯದ ಮಾತು ಹೆಚ್ಚಿತೇ, ಕಡಿಮೆಯಾಯಿತೇ?

ಕುಂಬಳೆಯ ಓದುಗ (ಚರ್ಚೆ ಆರಂಭಿಸಿದವರು)

ಐದು ಗಂಟೆಗಳ ರೈಲು ಪ್ರಯಾಣ ನಿಮ್ಮ ಮುಂದಿದೆ. ಎದುರು ಸೀಟಿನ ಅಪರಿಚಿತರು ಒಂದು ರಾಜಕೀಯ ವಿಷಯದ ಬಗ್ಗೆ ಖಡಾಖಂಡಿತವಾಗಿ ಮಾತನಾಡತೊಡಗುತ್ತಾರೆ. ನೀವು ಮಾತಿಗಿಳಿಯುತ್ತೀರೋ, ಕಿಟಕಿಯ ಕಡೆ ಮುಖ ತಿರುಗಿಸುತ್ತೀರೋ? ಜರ್ಮನಿಯ ಜನಾಭಿಪ್ರಾಯ ಸಂಶೋಧಕಿ ಎಲಿಜಬೆತ್ ನೋಯೆಲ್-ನಾಯ್ಮನ್ ತಮ್ಮ ಸಮೀಕ್ಷೆಗಳಲ್ಲಿ ಕೇಳುತ್ತಿದ್ದ ಪ್ರಶ್ನೆ ಹೆಚ್ಚುಕಡಿಮೆ ಇದೇ. ಒಬ್ಬಂಟಿಯಾಗುವ ಭಯದಿಂದ ಮನುಷ್ಯ ಸುತ್ತಲಿನ ಗಾಳಿ ಯಾವ ಕಡೆಗಿದೆ ಎಂದು ಸದಾ ಅಂದಾಜು ಮಾಡುತ್ತಿರುತ್ತಾನೆ, ತನ್ನ ಅಭಿಪ್ರಾಯದವರು ಕಡಿಮೆಯೆಂದು ತೋರಿದರೆ ಸುಮ್ಮನಾಗುತ್ತಾನೆ, ಅವನು ಸುಮ್ಮನಾದದ್ದರಿಂದ ಆ ಅಭಿಪ್ರಾಯದವರು ಇನ್ನೂ ಕಡಿಮೆಯಾಗಿ ಕಾಣುತ್ತಾರೆ, ಅದನ್ನು ಕಂಡು ಮತ್ತೊಬ್ಬನೂ ಸುಮ್ಮನಾಗುತ್ತಾನೆ ಎಂಬುದು 1974ರಲ್ಲಿ ಅವರು ಮಂಡಿಸಿದ ‘ಮೌನದ ಸುರುಳಿ’ಯ ವಾದ.

ಎದುರೆದುರು ಹೇಳಲಾಗದವರು ಪರದೆಯ ಮರೆಯಲ್ಲಾದರೂ ಹೇಳಿಯಾರು ಎಂಬ ನಂಬಿಕೆ ಜಾಲತಾಣಗಳ ಆರಂಭದ ದಿನಗಳಲ್ಲಿ ಹಲವರಿಗಿತ್ತು. ಅಮೆರಿಕದ ಪ್ಯೂ ಸಂಶೋಧನಾ ಕೇಂದ್ರವು 1,801 ವಯಸ್ಕರನ್ನು ಪ್ರಶ್ನಿಸಿ 2014ರ ಆಗಸ್ಟಿನಲ್ಲಿ ಪ್ರಕಟಿಸಿದ ವರದಿ ಆ ನಂಬಿಕೆಗೆ ತಣ್ಣೀರೆರಚಿತು. ಎಡ್ವರ್ಡ್ ಸ್ನೋಡನ್ ಬಯಲಿಗೆಳೆದ, ಜನರ ಫೋನು-ಈಮೇಲುಗಳ ಮೇಲಿನ ಅಮೆರಿಕ ಸರ್ಕಾರದ ಬೇಹುಗಾರಿಕೆಯ ವಿಷಯವನ್ನು ಮುಖಾಮುಖಿ ಚರ್ಚಿಸಲು ಶೇಕಡಾ 86 ಮಂದಿ ಸಿದ್ಧರಿದ್ದರು. ಫೇಸ್‌ಬುಕ್, ಟ್ವಿಟರ್ ಬಳಸುವವರಲ್ಲಿ ಅದನ್ನು ಅಲ್ಲಿ ಬರೆಯಲು ಸಿದ್ಧರಿದ್ದವರು ಶೇಕಡಾ 42 ಮಾತ್ರ. ಇದಕ್ಕಿಂತ ಹೆಚ್ಚು ಯೋಚನೆಗೆ ಹಚ್ಚಿದ್ದು ಅದೇ ವರದಿಯ ಇನ್ನೊಂದು ಅಂಶ. ದಿನಕ್ಕೆ ಹಲವು ಬಾರಿ ಫೇಸ್‌ಬುಕ್ ನೋಡುವವರು ಊರಿನ ಸಾರ್ವಜನಿಕ ಸಭೆಯಲ್ಲಿ ಆ ವಿಷಯ ಮಾತನಾಡಲು ಒಪ್ಪುವ ಸಂಭವ, ಉಳಿದವರಿಗೆ ಹೋಲಿಸಿದರೆ ಅರ್ಧದಷ್ಟೇ ಇತ್ತು. ಪರದೆಯ ಮೇಲಿನ ಮೌನ ಪರದೆಯಲ್ಲೇ ಉಳಿಯುವುದಿಲ್ಲ, ಅಂಗಳಕ್ಕೂ ಇಳಿಯುತ್ತದೆ ಎಂಬ ಸೂಚನೆ ಇದರಲ್ಲಿದೆ.

ಕೇರಳದ ಗಡಿಜಿಲ್ಲೆಯಾದ ನಮ್ಮ ಕಾಸರಗೋಡಿನ ಮೌನಕ್ಕೆ ಇನ್ನೂ ಒಂದು ಕಾರಣವಿದೆ ಎಂಬುದು ನನ್ನ ವಾದ. ಇಲ್ಲಿನವರು ಮನೆಯಲ್ಲಿ ತುಳುವನ್ನೋ ಹವ್ಯಕವನ್ನೋ ಕೊಂಕಣಿಯನ್ನೋ ಆಡುತ್ತಾರೆ, ಶಾಲೆಯಲ್ಲಿ ಕನ್ನಡ ಕಲಿಯುತ್ತಾರೆ, ಕಚೇರಿಯಲ್ಲಿ ಮಲಯಾಳದಲ್ಲಿ ವ್ಯವಹರಿಸುತ್ತಾರೆ, ಕಾಯಿಲೆಯಾದರೆ ಮಂಗಳೂರಿಗೆ ಹೋಗುತ್ತಾರೆ. ಒಬ್ಬನೇ ಮನುಷ್ಯ ವಿಧಾನಸಭೆಯ ಬಗ್ಗೆ ಒಂದು ಬಳಗದೊಡನೆ, ವಾರ್ಡಿನ ಬಗ್ಗೆ ಮತ್ತೊಂದು ಬಳಗದೊಡನೆ, ಭಾಷೆಯ ಪ್ರಶ್ನೆಯನ್ನು ಮೂರನೆಯ ಬಳಗದೊಡನೆ ಮಾತನಾಡುತ್ತಿದ್ದ. ಅದರಲ್ಲಿ ಕಪಟವೇನೂ ಇರಲಿಲ್ಲ, ಕೇಳುವವರು ಬೇರೆಯಾಗಿದ್ದರು ಅಷ್ಟೆ. ಈಗ ಒಂದೇ ಸ್ಟೇಟಸ್ಸನ್ನು ಮಂಗಳೂರಿನ ಸಹಪಾಠಿ, ಕಾಞಂಗಾಡಿನ ಸಹೋದ್ಯೋಗಿ, ವಾರ್ಡು ಸದಸ್ಯ, ಗಲ್ಫಿನಲ್ಲಿರುವ ಭಾವ ಎಲ್ಲರೂ ನೋಡುತ್ತಾರೆ, ಮತ್ತು ಇಷ್ಟೂ ಮಂದಿಯ ಮುಂದೆ ಒಟ್ಟಿಗೆ ಹೇಳಬಹುದಾದದ್ದು ಹಬ್ಬದ ಶುಭಾಶಯವೊಂದೇ.

2020ರ ಮಾರ್ಚ್ ಕೊನೆಯನ್ನು ನೆನಪಿಸಿಕೊಳ್ಳಿ. ಕೊರೋನಾ ಕಾರಣಕ್ಕೆ ಕರ್ನಾಟಕವು ಗಡಿಯ ತಲಪಾಡಿಯಲ್ಲಿ ರಸ್ತೆ ಮುಚ್ಚಿತು, ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ಇಲ್ಲಿನ ರೋಗಿಗಳು ನಡುದಾರಿಯಲ್ಲಿ ಸಿಲುಕಿದರು, ಏಪ್ರಿಲ್ 1ರಂದು ಕೇರಳ ಹೈಕೋರ್ಟು ತಡೆ ತೆರವುಗೊಳಿಸಲು ಕೇಂದ್ರಕ್ಕೆ ನಿರ್ದೇಶಿಸಿತು, ವಿಷಯ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಆ ವಾರಗಳಲ್ಲಿ ಅತಿ ಹೆಚ್ಚು ಹೇಳಲಿಕ್ಕಿದ್ದವರು ನಾವು, ಅತಿ ಕಡಿಮೆ ಬರೆದವರೂ ನಾವೇ. ಕರ್ನಾಟಕದ ಕ್ರಮ ತಪ್ಪೆಂದರೆ ‘ಕನ್ನಡದ್ರೋಹಿ’, ಸರಿಯೆಂದರೆ ‘ಇಲ್ಲಿನ ಅನ್ನ ತಿಂದು ಅಲ್ಲಿನ ಹಾಡು’. ಕವಿ ಕಯ್ಯಾರ ಕಿಞ್ಞಣ್ಣ ರೈಗಳಂಥವರು ಗಡಿಯ ಪ್ರಶ್ನೆಯನ್ನು ವೇದಿಕೆ ಹತ್ತಿ ದಶಕಗಳ ಕಾಲ ಮಾತನಾಡಿದ ನೆಲದಲ್ಲಿ ಇಷ್ಟೊಂದು ಅಂಜಿಕೆ ಹೇಗೆ ಬಂತು? ಉಳಿದವರ ಅನುಭವ ತಿಳಿಯಬೇಕೆಂದಿದ್ದೇನೆ.

ನಿವೃತ್ತ ಶಿಕ್ಷಕ, ಬದಿಯಡ್ಕ

ಕಣ್ಣೂರು, ಕಾಸರಗೋಡು ಕಡೆಯ ಬೀಡಿ ಕೆಲಸಗಾರರಲ್ಲಿ ಒಬ್ಬರು ಪತ್ರಿಕೆಯನ್ನು ಗಟ್ಟಿಯಾಗಿ ಓದುವುದು, ಉಳಿದವರು ಬೀಡಿ ಸುತ್ತುತ್ತ ಕೇಳುವುದು, ಓದುವವರ ಪಾಲಿನ ಕೆಲಸವನ್ನು ಎಲ್ಲರೂ ಹಂಚಿಕೊಳ್ಳುವುದು ಎಂಬ ರೂಢಿಯಿತ್ತು. ಓದು ಮುಗಿದ ಮೇಲೆ ವಾದ ಶುರುವಾಗುತ್ತಿತ್ತು. ಅಕ್ಷರ ಬಾರದವರೂ ದೆಹಲಿಯ ಬಜೆಟ್ಟಿನ ಬಗ್ಗೆ ಮಾತನಾಡುತ್ತಿದ್ದರು. ಚಹಾದಂಗಡಿಗಳಲ್ಲಿ ‘ಇಲ್ಲಿ ರಾಜಕೀಯ ಮಾತನಾಡಬಾರದು’ ಎಂಬ ಬೋರ್ಡು ತೂಗುಹಾಕಿರುತ್ತಿದ್ದರು; ಜನ ಮಾತನಾಡದ ಕಡೆ ಅಂಥ ಬೋರ್ಡಿನ ಅಗತ್ಯವೇ ಬೀಳುವುದಿಲ್ಲ. ಈಗ ಆ ಬೋರ್ಡು ವಾಟ್ಸಾಪ್ ಗುಂಪಿನ ವಿವರಣೆಯಲ್ಲಿದೆ, ಮತ್ತು ಅದನ್ನು ಜನ ನಿಜಕ್ಕೂ ಪಾಲಿಸುತ್ತಾರೆ ಎಂಬುದೇ ವ್ಯತ್ಯಾಸ.

ನಮ್ಮದು ಯಕ್ಷಗಾನ ಕವಿ ಪಾರ್ತಿಸುಬ್ಬನ ನಾಡು. ವೇಷವಿಲ್ಲದೆ ಕುಳಿತು ಪಾತ್ರಗಳ ಪರವಾಗಿ ವಾದಿಸುವ ತಾಳಮದ್ದಳೆಯಲ್ಲಿ ಇಂದು ಕರ್ಣನ ಅರ್ಥ ಹೇಳಿದವರು ನಾಳೆ ಕೃಷ್ಣನ ಅರ್ಥ ಹೇಳುತ್ತಾರೆ. ಎದುರಾಳಿಯ ಮಾತು ಮುಗಿಯುವವರೆಗೆ ಕಾಯಬೇಕು, ಅವನ ಪ್ರಶ್ನೆಗೆ ಉತ್ತರಿಸದೆ ಮುಂದೆ ಹೋದರೆ ಸಭೆ ಅದನ್ನು ಗಮನಿಸುತ್ತದೆ. ರಾತ್ರಿಯಿಡೀ ದುರ್ಯೋಧನನ ಪಕ್ಷವನ್ನು ಸಮರ್ಥಿಸಿದವರನ್ನು ಬೆಳಗ್ಗೆ ಯಾರೂ ದುರ್ಯೋಧನನೆಂದು ಕರೆಯುವುದಿಲ್ಲ. ಒಂದು ವಾದವನ್ನು ಪರೀಕ್ಷೆಗಾಗಿ ಎತ್ತಿಕೊಂಡು ನೋಡುವ ಈ ಸ್ವಾತಂತ್ರ್ಯ ಫೇಸ್‌ಬುಕ್ಕಿನಲ್ಲಿ ಇಲ್ಲವೇ ಇಲ್ಲ. ಅಲ್ಲಿ ಬರೆದದ್ದು ಬರೆದವನ ಜಾತಕವಾಗಿ ಉಳಿಯುತ್ತದೆ, ಸ್ಕ್ರೀನ್‌ಶಾಟ್ ಮೂಲಕ ವರ್ಷಗಳ ಮೇಲೂ ಎದ್ದು ಬರುತ್ತದೆ. ಆದ್ದರಿಂದ ಎದುರು ಪಕ್ಷದ ಮಾತನ್ನು ಪೂರ್ತಿಯಾಗಿ ಕೇಳುವ ಅಭ್ಯಾಸ ಮರಳಿದರೆ ಮೌನ ತಾನಾಗಿ ಕರಗುತ್ತದೆ ಎಂದು ನಾನು ತಿಳಿಯುತ್ತೇನೆ.

ಕುಟುಂಬಶ್ರೀ ಸದಸ್ಯೆ, ಮುಳ್ಳೇರಿಯ

ಮೇಷ್ಟ್ರ ಮಾತು ಓದಲು ಚೆನ್ನಾಗಿದೆ. ಆದರೆ ಆ ಚಹಾದಂಗಡಿಯ ಬೆಂಚಿನ ಮೇಲೆ ನಾವು ಹೆಂಗಸರು ಎಂದು ಕುಳಿತಿದ್ದೆವು? ತಾಳಮದ್ದಳೆಯ ಸಭೆಯಲ್ಲಿ ನಮ್ಮ ಜಾಗ ಎಲ್ಲಿತ್ತು? ನನ್ನ ತಾಯಿ ಮತ ಹಾಕುವ ಮುನ್ನ ಕೇಳಿಕೊಂಡದ್ದು ತಂದೆಯನ್ನು. ರಾಜ್ಯದ ಸ್ಥಳೀಯ ಸಂಸ್ಥೆಗಳಲ್ಲಿ ಅರ್ಧದಷ್ಟು ಸ್ಥಾನ ಮಹಿಳೆಯರಿಗೆ ಮೀಸಲಾಗಿ 2010ರ ಚುನಾವಣೆ ನಡೆದ ಮೇಲೆ, 1998ರಲ್ಲಿ ಆರಂಭವಾದ ಕೇರಳದ ಮಹಿಳಾ ಸ್ವಸಹಾಯ ಯೋಜನೆ ಕುಟುಂಬಶ್ರೀಯ ನೆರೆಕೂಟಗಳಿಂದ ಬಂದ ಎಷ್ಟೋ ಮಂದಿ ಪಂಚಾಯತಿನ ಕುರ್ಚಿಯಲ್ಲಿ ಕುಳಿತರು. ಆ ಕೂಟಗಳ ಮಾತು ಮನೆಯಂಗಳದಿಂದ ವಾಟ್ಸಾಪಿಗೆ ಹೋದಾಗ, ರಾತ್ರಿ ಅಡಿಗೆಮನೆಯ ಕೆಲಸ ಮುಗಿಸಿದವಳಿಗೂ ಚರ್ಚೆಗೆ ಸೇರಲು ಸಮಯ ಸಿಕ್ಕಿತು. ಇದನ್ನು ನಷ್ಟವೆಂದು ನಾನು ಎಣಿಸಲಾರೆ.

ನಮ್ಮ ಗುಂಪಿನಲ್ಲೂ ‘ರಾಜಕೀಯ ಬೇಡ’ ಎಂದು ಬರೆದಿದೆ. ಆದರೆ ಕುಡಿಯುವ ನೀರಿನ ಪೈಪು ಯಾವ ಓಣಿಯವರೆಗೆ ಬಂತು, ಉದ್ಯೋಗ ಖಾತರಿಯ ಕೂಲಿ ಏಕೆ ತಡವಾಯಿತು, ಯಾರ ರೇಷನ್ ಕಾರ್ಡು ಆದ್ಯತೆಯ ಗುಲಾಬಿಯಿಂದ ಆದ್ಯತೆಯಿಲ್ಲದ ನೀಲಿಗೆ ತಿರುಗಿತು ಎಂದು ದಿನವೂ ಮಾತಾಗುತ್ತದೆ. ಇದಕ್ಕಿಂತ ದೊಡ್ಡ ರಾಜಕೀಯ ಯಾವುದಿದೆ? ಪಕ್ಷದ ಹೆಸರೆತ್ತದೆ ರಾಜಕೀಯ ಮಾತನಾಡುವುದನ್ನು ಹೆಂಗಸರು ಚೆನ್ನಾಗಿ ಕಲಿತಿದ್ದಾರೆ. ಸಮೀಕ್ಷೆ ನಡೆಸುವವರು ಬಂದು ‘ರಾಜಕೀಯ ಚರ್ಚಿಸುತ್ತೀರಾ’ ಎಂದು ಕೇಳಿದರೆ ನಾವೆಲ್ಲ ‘ಇಲ್ಲ’ ಎನ್ನುತ್ತೇವೆ.

ಫೇಸ್‌ಬುಕ್ಕಿನ ಕಥೆ ಮಾತ್ರ ಬೇರೆ. ಗಂಡಸರ ಪೋಸ್ಟಿಗೆ ಬೈಗುಳ ಬಂದರೆ ಅದು ಅವರ ಪಕ್ಷಕ್ಕೆ ಬರುತ್ತದೆ. ನಮ್ಮ ಪೋಸ್ಟಿಗೆ ಬಂದರೆ ನಮ್ಮ ಫೋಟೋಕ್ಕೆ, ಸಂಸಾರಕ್ಕೆ, ಜಾತಿಗೆ ಬರುತ್ತದೆ. ಬೈದವರಿಗಿಂತ ಹೆಚ್ಚು ಬಾಯಿ ಕಟ್ಟುವುದು ಅದರ ನಂತರದ ಫೋನು. ಆ ಫೋನು ಬರುವುದು ಬರೆದವಳಿಗಲ್ಲ, ಅವಳ ಅಣ್ಣನಿಗೆ: ‘ತಂಗಿಗೆ ಸ್ವಲ್ಪ ಹೇಳಿ.’

ವಕೀಲ, ಕಾಸರಗೋಡು

ಮೊದಲಿಗೆ ಪ್ಯೂ ವರದಿಯ ಬಗ್ಗೆ ಒಂದು ಆಕ್ಷೇಪ. ಸರ್ಕಾರ ಫೋನು ಮತ್ತು ಈಮೇಲುಗಳ ಮೇಲೆ ಕಣ್ಣಿಟ್ಟಿದೆಯೇ ಎಂಬುದನ್ನೇ ವಿಷಯವಾಗಿಟ್ಟುಕೊಂಡು ಅದನ್ನು ಅಂತರ್ಜಾಲದಲ್ಲಿ ಬರೆಯುತ್ತೀರಾ ಎಂದು ಕೇಳಿದರೆ ಜನ ಹಿಂಜರಿಯುವುದರಲ್ಲಿ ಆಶ್ಚರ್ಯವಿಲ್ಲ. ರಸ್ತೆಯ ಹೊಂಡದ ಬಗ್ಗೆ ಕೇಳಿದ್ದರೆ ಉತ್ತರ ಬೇರೆಯಾಗುತ್ತಿತ್ತೋ ಏನೋ. ಅಲ್ಲದೆ ಸಂಬಂಧವಿದೆ ಎಂದ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವೆಂದಾಗುವುದಿಲ್ಲ; ಸಭೆಯಲ್ಲಿ ಮಾತನಾಡಲು ಮೊದಲೇ ಅಳುಕುವವರು ಫೇಸ್‌ಬುಕ್ಕನ್ನು ಹೆಚ್ಚು ನೋಡುತ್ತಿರಲೂಬಹುದು.

ನಮ್ಮಲ್ಲಿ ಕಾನೂನಿನ ನೆರಳನ್ನು ಬಿಟ್ಟು ಈ ವಿಷಯ ಚರ್ಚಿಸಲಾಗದು. 2012ರ ನವೆಂಬರಿನಲ್ಲಿ ಮಹಾರಾಷ್ಟ್ರದ ಪಾಲ್ಘರಿನಲ್ಲಿ ಬಾಳ್ ಠಾಕ್ರೆಯವರ ನಿಧನದ ಬಳಿಕದ ಬಂದ್ ಕುರಿತು ಒಬ್ಬ ಯುವತಿ ಫೇಸ್‌ಬುಕ್ಕಿನಲ್ಲಿ ಬರೆದದ್ದಕ್ಕೂ ಇನ್ನೊಬ್ಬಳು ಅದನ್ನು ಮೆಚ್ಚಿದ್ದಕ್ಕೂ ಬಂಧನವಾಯಿತು. ಮುಂದೆ 2015ರ ಮಾರ್ಚ್ 24ರಂದು ಶ್ರೇಯಾ ಸಿಂಘಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಜಾಲದಲ್ಲಿ ಆಕ್ಷೇಪಾರ್ಹ ಸಂದೇಶ ಕಳಿಸುವುದನ್ನು ಅಪರಾಧವೆಂದಿದ್ದ ಮಾಹಿತಿ ತಂತ್ರಜ್ಞಾನ ಕಾಯಿದೆಯ 66ಎ ಸೆಕ್ಷನ್ನನ್ನು ರದ್ದುಗೊಳಿಸಿತು. ಅದೇ ತೀರ್ಪಿನಲ್ಲಿ ಅಂಥದ್ದೇ ಆದ ಕೇರಳ ಪೊಲೀಸ್ ಕಾಯಿದೆಯ 118(ಡಿ) ಕೂಡ ಬಿದ್ದುಹೋಯಿತು ಎಂಬುದು ಇಲ್ಲಿನ ಬಹುಮಂದಿಗೆ ತಿಳಿದಿಲ್ಲ. 2020ರ ನವೆಂಬರಿನಲ್ಲಿ ರಾಜ್ಯ ಸರ್ಕಾರ 118ಎ ಎಂಬ ಹೊಸ ಸೆಕ್ಷನ್ನನ್ನು ಸುಗ್ರೀವಾಜ್ಞೆಯ ಮೂಲಕ ತಂದಿತು. ಮಾನಹಾನಿಕರ ಬರಹಕ್ಕೆ ಮೂರು ವರ್ಷಗಳವರೆಗೆ ಸೆರೆವಾಸ ವಿಧಿಸಬಹುದಾದ ಆ ಸೆಕ್ಷನ್ನಿಗೆ ಎಲ್ಲ ಕಡೆಯಿಂದ ವಿರೋಧ ಬಂದಾಗ, ಸರ್ಕಾರ ಕೆಲವೇ ದಿನಗಳಲ್ಲಿ ಅದನ್ನು ಹಿಂತೆಗೆದುಕೊಂಡಿತು. ಆದರೆ ಕಾನೂನು ಹೋದರೂ ಅದರ ಅಂಜಿಕೆ ಹೋಗುವುದಿಲ್ಲ. ರದ್ದಾದ 66ಎ ಅಡಿಯಲ್ಲೇ ಪೊಲೀಸರು ಪ್ರಕರಣ ದಾಖಲಿಸುತ್ತಿರುವುದನ್ನು ಕಂಡು 2021ರಲ್ಲಿ ಸುಪ್ರೀಂ ಕೋರ್ಟೇ ದಿಗ್ಭ್ರಮೆ ವ್ಯಕ್ತಪಡಿಸಿತ್ತು. ವಾಟ್ಸಾಪ್ ಗುಂಪಿನ ಸದಸ್ಯರು ಹಾಕಿದ ಆಕ್ಷೇಪಾರ್ಹ ಸಂದೇಶಕ್ಕೆ ಅಡ್ಮಿನ್ ಹೊಣೆಯಲ್ಲ ಎಂದು ಕೇರಳ ಹೈಕೋರ್ಟು 2022ರಲ್ಲಿ ಸ್ಪಷ್ಟಪಡಿಸಿದ್ದರೂ ನನ್ನ ಬಳಿಗೆ ಬರುವ ಅಡ್ಮಿನ್‌ಗಳ ಭಯ ಕಡಿಮೆಯಾಗಿಲ್ಲ. ಸರ್ಕಾರಿ ಶಾಲೆಗಳ ಕನ್ನಡ ಅಧ್ಯಾಪಕರಂತೂ ಸರ್ಕಾರಿ ನೌಕರರ 1960ರ ನಡತೆ ನಿಯಮಗಳ ಹೆಸರು ಕೇಳಿದರೇ ಮಾತು ಬದಲಿಸುತ್ತಾರೆ. ನಮ್ಮ ಊರುಗಳಲ್ಲಿ ವಿಷಯ ತಿಳಿದು ಮಾತನಾಡಬಲ್ಲವರಲ್ಲಿ ದೊಡ್ಡ ಪಾಲು ಅವರದೇ ಎಂಬುದನ್ನು ಮರೆಯಬಾರದು.

ಇನ್ನೊಂದು ಸಂಗತಿ. ಅಮೆರಿಕದ ವಯಸ್ಕರ ಟ್ವೀಟುಗಳಲ್ಲಿ ಶೇಕಡಾ 80ರಷ್ಟನ್ನು ಶೇಕಡಾ 10 ಬಳಕೆದಾರರೇ ಬರೆಯುತ್ತಾರೆ ಎಂದು ಅದೇ ಪ್ಯೂ ಕೇಂದ್ರ 2019ರಲ್ಲಿ ಕಂಡುಕೊಂಡಿತು. ಅಂದರೆ ನೋಯೆಲ್-ನಾಯ್ಮನ್ ಹೇಳಿದಂತೆ ಮನುಷ್ಯ ಗಾಳಿಯ ದಿಕ್ಕನ್ನು ಅಂದಾಜು ಮಾಡುವವನಾದರೆ, ಇಂದು ಅವನು ಅಂದಾಜು ಮಾಡುತ್ತಿರುವುದು ಆ ಹತ್ತರಲ್ಲೊಬ್ಬನ ಉಸಿರನ್ನು. ಊರಿನ ಬಹುಮತ ಎಲ್ಲೋ ಇರುತ್ತದೆ, ಬಹುಮತವೆಂದು ಕಾಣುವುದು ಇನ್ನೆಲ್ಲೋ ಇರುತ್ತದೆ.

ಅಡಿಕೆ ಬೆಳೆಗಾರ, ಪೈವಳಿಕೆ

ನೀವೆಲ್ಲ ಮೌನವೆಂದರೆ ಭಯವೆಂದು ಹಿಡಿದಿದ್ದೀರಿ. ನನಗೆ ಹಾಗೆ ತೋರುವುದಿಲ್ಲ. ನಮ್ಮ ಮಂಜೇಶ್ವರ ಕ್ಷೇತ್ರದಲ್ಲಿ 2016ರ ವಿಧಾನಸಭಾ ಚುನಾವಣೆ ತೀರ್ಮಾನವಾದದ್ದು 89 ಮತಗಳಿಂದ, 2021ರದು 745 ಮತಗಳಿಂದ. ಇಂಥ ಕ್ಷೇತ್ರದಲ್ಲಿ ಪ್ರತಿ ಮನೆಯ ಲೆಕ್ಕ ಪಕ್ಷಗಳ ಬಳಿಯಿರುತ್ತದೆ. ಯಾವ ಪಕ್ಷಕ್ಕೂ ಸೇರದವನೆಂದು ಕಾಣುವವನ ಮನೆಗೆ ಮೂರೂ ಕಡೆಯವರು ಬರುತ್ತಾರೆ, ಅವನ ಮನೆಯ ದಾರಿಗೆ ಕಾಂಕ್ರೀಟು ಬೀಳುವ ಸಂಭವ ಹೆಚ್ಚು. ಸ್ಟೇಟಸ್ ಹಾಕಿ ತನ್ನ ಬಣ್ಣ ತೋರಿಸಿದವನ ಮನೆಗೆ ಒಬ್ಬರೂ ಬರುವುದಿಲ್ಲ. ತಮ್ಮವನೆಂದು ಒಬ್ಬರು ಬಿಡುತ್ತಾರೆ, ಪರಪಕ್ಷದವನೆಂದು ಉಳಿದವರು ಬಿಡುತ್ತಾರೆ. ಸುಮ್ಮನಿರುವುದು ಇಲ್ಲಿ ಒಂದು ಲೆಕ್ಕಾಚಾರವೂ ಹೌದು.

ಕುಂಬಳೆಯ ಓದುಗ

ಬೆಳೆಗಾರರ ಮಾತನ್ನು ಒಪ್ಪುತ್ತೇನೆ, ಆದರೆ ಆ ಲೆಕ್ಕಾಚಾರ ಫಲಿಸುವುದು ಉಳಿದವರು ಮಾತನಾಡುವವರೆಗೆ ಮಾತ್ರ. ಎಲ್ಲರೂ ಸುಮ್ಮನಾದರೆ ದಾರಿ ಯಾರದು ಕೆಟ್ಟಿದೆ ಎಂದೇ ತಿಳಿಯುವುದಿಲ್ಲ.

ಮೇಷ್ಟ್ರಿಗೆ ಒಂದು ಮಾತು. ಎದುರು ಪಕ್ಷವನ್ನು ಕೇಳಿಸಿದರೆ ಮನಸ್ಸು ತೆರೆಯುತ್ತದೆ ಎಂಬುದನ್ನು ಸಮಾಜಶಾಸ್ತ್ರಜ್ಞ ಕ್ರಿಸ್ಟೋಫರ್ ಬೇಲ್ ಮತ್ತು ಸಂಗಡಿಗರು ಅಮೆರಿಕದಲ್ಲಿ ಪರೀಕ್ಷಿಸಿದ್ದಾರೆ. ಟ್ವಿಟರ್ ಬಳಸುವವರಿಗೆ ಹಣ ಕೊಟ್ಟು, ತಮ್ಮ ವಿರೋಧಿಗಳ ಸಂದೇಶಗಳನ್ನು ಮರುಪ್ರಸಾರ ಮಾಡುವ ಒಂದು ಯಾಂತ್ರಿಕ ಖಾತೆಯನ್ನು ತಿಂಗಳ ಕಾಲ ಹಿಂಬಾಲಿಸುವಂತೆ ಮಾಡಿದರು. 2018ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಅಲ್ಲಿನ ಬಲಪಂಥೀಯ ಪಕ್ಷದವರಾದ ರಿಪಬ್ಲಿಕನ್ನರು ತಮ್ಮ ನಿಲುವಿನಲ್ಲಿ ಇನ್ನಷ್ಟು ಗಟ್ಟಿಯಾದರು. ಕೇಳಿಸಿದ ಮಾತ್ರಕ್ಕೆ ಆಗುವ ಕೆಲಸ ಇದಲ್ಲವೆಂದು ತೋರುತ್ತದೆ.

ನಿವೃತ್ತ ಶಿಕ್ಷಕ, ಬದಿಯಡ್ಕ

ಆ ಪ್ರಯೋಗದಲ್ಲಿ ಎದುರಿಗಿದ್ದದ್ದು ಯಂತ್ರ. ಅದನ್ನು ಪ್ರಶ್ನಿಸಲಾಗದು, ಅದು ತನ್ನ ಮಾತನ್ನು ತಿದ್ದಿಕೊಳ್ಳುವುದೂ ಇಲ್ಲ. ನಾನು ಹೇಳಿದ್ದು ಉತ್ತರ ಕೊಡಬೇಕಾದ ಬಾಧ್ಯತೆಯಿರುವ ಎದುರಾಳಿಯ ಬಗ್ಗೆ. ಹೆಂಗಸರಿಗೆ ಆ ಸಭೆಯಲ್ಲಿ ಜಾಗವಿರಲಿಲ್ಲ ಎಂಬ ಮಾತಿಗೆ ನನ್ನಲ್ಲಿ ಪ್ರತಿವಾದವಿಲ್ಲ.

ಜತ್ತ ತಾಲೂಕಿನಿಂದ

ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಗಡಿಯಿಂದ ಬರೆಯುತ್ತಿದ್ದೇನೆ. ನಮ್ಮಲ್ಲಿ ರಾಜಕೀಯವೆಂದರೆ ಮೊದಲು ನೀರು. 2022ರ ನವೆಂಬರಿನಲ್ಲಿ ಕರ್ನಾಟಕದ ಅಂದಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿಯವರು ಕರ್ನಾಟಕಕ್ಕೆ ಸೇರುತ್ತೇವೆಂದು ಜತ್ತದ ಹಳ್ಳಿಗಳು ಹಿಂದೊಮ್ಮೆ ಮಾಡಿದ್ದ ಠರಾವಿನ ಮಾತೆತ್ತಿದಾಗ ಟಿವಿಯವರೆಲ್ಲ ನಮ್ಮ ಊರುಗಳಿಗೆ ಬಂದರು. ‘ನೀರು ಕೊಟ್ಟವರ ಕಡೆ ನಾವು’ ಎಂದು ಬೇಸತ್ತು ಹೇಳಿದ ರೈತನ ಮಾತು ತುಂಡಾಗಿ ಒಂದು ರಾಜ್ಯದ ಮೊಬೈಲುಗಳಲ್ಲಿ ಅಭಿಮಾನವಾಗಿಯೂ ಇನ್ನೊಂದರಲ್ಲಿ ದ್ರೋಹವಾಗಿಯೂ ಓಡಾಡಿತು. ಡಿಸೆಂಬರ್ 14ರಂದು ಅಮಿತ್ ಶಾ ದೆಹಲಿಯಲ್ಲಿ ಎರಡೂ ರಾಜ್ಯಗಳ ಮುಖ್ಯಮಂತ್ರಿಗಳನ್ನು ಕೂರಿಸಿ ಮಾತನಾಡಿದ ಬಳಿಕ, ದೊಡ್ಡ ನಾಯಕರ ಹೆಸರಿನ ನಕಲಿ ಟ್ವಿಟರ್ ಖಾತೆಗಳೂ ವಿವಾದಕ್ಕೆ ತುಪ್ಪ ಸುರಿದವು ಎಂದು ಹೇಳಿದರು. ನಾಯಕರು ನಕಲಿ ಖಾತೆ ಎಂದು ಹೇಳಿ ಪಾರಾಗಬಹುದು, ಆದರೆ ಕ್ಯಾಮೆರಾದ ಮುಂದೆ ನಿಜವಾಗಿ ಮಾತನಾಡಿದ ರೈತನಿಗೆ ಆ ದಾರಿಯಿಲ್ಲ.

ಅಂದಿನಿಂದ ಹೊರಗಿನವರು ಮೊಬೈಲು ಎತ್ತಿದರೆ ನಮ್ಮವರು ನೀರಿನ ಮಾತನ್ನೂ ಆಡುವುದಿಲ್ಲ. ಅವರವರೇ ಇದ್ದಾಗ ಮಾತು ಮೊದಲಿನಷ್ಟೇ ಖಾರವಾಗಿದೆ. ಹೀಗಾಗಿ ಮೌನ ಬಂದಿದೆ ಎನ್ನುವುದಕ್ಕಿಂತ ಮಾತು ಒಳಕ್ಕೆ ಸರಿದಿದೆ ಎನ್ನುವುದು ನಮ್ಮ ಮಟ್ಟಿಗೆ ಹೆಚ್ಚು ನಿಜ.

ಉಪ್ಪಳದವ, ಈಗ ಶಾರ್ಜಾ

ಇಲ್ಲಿ ಯುಎಇಯ 2021ರ 34ನೇ ಸಂಖ್ಯೆಯ ಕಾಯಿದೆ ವದಂತಿ ಮತ್ತು ಸೈಬರ್ ಅಪರಾಧಗಳಿಗೆ ಕಠಿಣ ಶಿಕ್ಷೆ ವಿಧಿಸುತ್ತದೆ. ಊರಿನ ಜಗಳವೊಂದರ ಬಗ್ಗೆ ಬರೆದದ್ದು ಇಲ್ಲಿನ ಕೆಲಸಕ್ಕೆ ಕುತ್ತು ತಂದೀತೆಂದು ಮನೆಯವರೇ ಮೊದಲು ಎಚ್ಚರಿಸುತ್ತಾರೆ. ಆದರೂ ಊರಿನ ರಾಜಕೀಯ ನಮಗೆ ತಲುಪುವುದು ಜಾಲತಾಣದಿಂದಲೇ. ನಾವು ಎಲ್ಲವನ್ನೂ ಓದುತ್ತೇವೆ, ಏನನ್ನೂ ಬರೆಯುವುದಿಲ್ಲ. ಚುನಾವಣೆ ಬಂದಾಗ ಮನೆಗೆ ಫೋನು ಮಾಡುತ್ತೇವೆ. ನಮ್ಮಂಥವರು ಒಂದೊಂದು ಮನೆಯಲ್ಲೂ ಇದ್ದಾರೆ, ಯಾವ ಕಮೆಂಟಿನಲ್ಲೂ ಕಾಣುವುದಿಲ್ಲ.

ನಿವೃತ್ತ ಶಿಕ್ಷಕ, ಬದಿಯಡ್ಕ

ಎಲ್ಲರೂ ಬಿಟ್ಟಿರುವ ಒಂದು ವಿಷಯವಿದೆ. ನನ್ನ ಪ್ರಾಯದ ಕನ್ನಡಿಗರಲ್ಲಿ ಮಲಯಾಳ ಸರಾಗವಾಗಿ ಮಾತನಾಡಬಲ್ಲವರು ಬೇಕಾದಷ್ಟಿದ್ದಾರೆ, ಓದಬಲ್ಲವರು ಕಡಿಮೆ. ಚಹಾದಂಗಡಿಯಲ್ಲಿ ಲಿಪಿಯ ಹಂಗಿರಲಿಲ್ಲ. ತುಳುವಿನಲ್ಲಿ ಆರಂಭವಾದ ವಾದ ಮಲಯಾಳದಲ್ಲಿ ಮುಗಿಯುತ್ತಿತ್ತು. ವಾರ್ಡಿನ ವಾಟ್ಸಾಪ್ ಗುಂಪು ಬಂದ ಮೇಲೆ ಅದೇ ವಾದ ಮಲಯಾಳ ಅಕ್ಷರಗಳಿಗೆ ಹೋಯಿತು, ಇವರು ಹೊರಗುಳಿದರು. ಇವರಿಗೆ ಅಂಜಿಕೆಯೂ ಇಲ್ಲ, ಬೆಳೆಗಾರರು ಹೇಳಿದ ಲೆಕ್ಕಾಚಾರವೂ ಇಲ್ಲ. ಧ್ವನಿ ಸಂದೇಶ ಕಳಿಸಲು ಕಲಿತವರು ಮಾತ್ರ ಮರಳಿ ಬಂದಿದ್ದಾರೆ, ಅದೂ ತುಳುವಿನಲ್ಲಿ, ಹಳೆಯ ಗತ್ತಿನಲ್ಲೇ. ಯುವಕರು ಅಷ್ಟುದ್ದದ ಧ್ವನಿ ಸಂದೇಶವನ್ನು ಕೇಳುವುದಿಲ್ಲವೆಂದು ಗೊಣಗುತ್ತಾರೆ. ಗೊಣಗಲಿ.

ಕುಟುಂಬಶ್ರೀ ಸದಸ್ಯೆ, ಮುಳ್ಳೇರಿಯ

ಇದು ನಿಜ. ನಮ್ಮ ವಾರ್ಡಿನ ಗುಂಪಿನಲ್ಲಿ ಗ್ರಾಮಸಭೆಯ ನೋಟಿಸು ಬರುವುದು ಮಲಯಾಳದಲ್ಲಿ ಮಾತ್ರ, ಅದೂ ಚಿತ್ರದ ರೂಪದಲ್ಲಿ. ಹಾಗಾಗಿ ಫೋನಿನಲ್ಲಿ ಅನುವಾದ ಮಾಡಿಕೊಳ್ಳುವುದೂ ಸುಲಭವಲ್ಲ. ಮೇಲಾಗಿ ಈಗ ಅಡ್ಮಿನ್ ಮಾತ್ರ ಬರೆಯುವಂತೆ ಗುಂಪನ್ನು ಮುಚ್ಚಿದ್ದಾರೆ, ಅರ್ಥವಾಗದಿದ್ದರೆ ಕೇಳಲೂ ಆಗದು. ಸಭೆಗೆ ಮತದಾರರಲ್ಲಿ ಶೇಕಡಾ 10 ಮಂದಿಯ ಕೋರಂ ಬೇಕು. ಸಹಿ ಹಾಕಿ ಹೊರಡುವವರಿಂದ ಅದನ್ನು ತುಂಬಿಸುತ್ತಾರೆ. ನೋಟಿಸನ್ನು ಕನ್ನಡದಲ್ಲೂ ಹಾಕಿ ಎಂದು ಕೇಳುವ ಹಕ್ಕು ನಮಗಿದೆಯೇ? ವಕೀಲರು ತಿಳಿಸಬೇಕು.

ವಕೀಲ, ಕಾಸರಗೋಡು

1969ರ ಕೇರಳ ಅಧಿಕೃತ ಭಾಷಾ ಕಾಯಿದೆಯು ಕನ್ನಡ ಮತ್ತು ತಮಿಳು ಭಾಷಿಕ ಅಲ್ಪಸಂಖ್ಯಾತರು ತಾವು ಹೆಚ್ಚಾಗಿರುವ ಪ್ರದೇಶಗಳ ಸ್ಥಳೀಯ ಕಚೇರಿಗಳೊಡನೆ ತಮ್ಮ ಭಾಷೆಯಲ್ಲೇ ಪತ್ರವ್ಯವಹಾರ ನಡೆಸಬಹುದೆಂದೂ ಉತ್ತರವೂ ಅದೇ ಭಾಷೆಯಲ್ಲಿರಬೇಕೆಂದೂ ಹೇಳುತ್ತದೆ. ಆದ್ದರಿಂದ ಮೊದಲು ಪಂಚಾಯತು ಕಾರ್ಯದರ್ಶಿಗೆ ಕನ್ನಡದಲ್ಲಿ ಅರ್ಜಿ ಕೊಡಿ, ಸ್ವೀಕೃತಿ ಪಡೆಯಿರಿ. ಅದರಲ್ಲಿ ಎರಡು ಬೇಡಿಕೆಗಳಿರಲಿ: ಗ್ರಾಮಸಭೆಯ ನೋಟಿಸು ಮತ್ತು ಕಾರ್ಯಸೂಚಿ ಎರಡೂ ಭಾಷೆಗಳಲ್ಲಿ ಬರಬೇಕು, ಸಭೆಗೆ ಮುಂಚಿನ ವಾರವಾದರೂ ಗುಂಪನ್ನು ಎಲ್ಲರಿಗೂ ತೆರೆದಿಡಬೇಕು. ಎರಡನೆಯದನ್ನು ಅವರು ಒಪ್ಪಲೇಬೇಕೆಂಬ ಕಾನೂನಿಲ್ಲ, ಆದರೂ ಕೇಳಿ. ಕರಡನ್ನು ನಾಳೆ ಸಂಜೆಯೊಳಗೆ ಇಲ್ಲೇ ಹಾಕುತ್ತೇನೆ. ಪೈವಳಿಕೆಯವರೂ ಬದಿಯಡ್ಕದವರೂ ತಮ್ಮ ವಾರ್ಡಿಗೆ ತಕ್ಕಂತೆ ತಿದ್ದಿಕೊಳ್ಳಬಹುದು.